ಸೈಕಲ್ ಪಥ ಹಾಕಿದ್ದು ನಗರ, ಕೀಳಲು ಹೊರಟಿದ್ದು ಪ್ರಾಂತ್ಯ

ಕೆನಡಾದ ಟೊರಾಂಟೋದಲ್ಲಿ ಬ್ಲೋರ್ ಸ್ಟ್ರೀಟ್, ಯಂಗ್ ಸ್ಟ್ರೀಟ್, ಯೂನಿವರ್ಸಿಟಿ ಅವೆನ್ಯೂ ಅಂತ ಮೂರು ದೊಡ್ಡ ರಸ್ತೆಗಳಿವೆ. ಮೂರರಲ್ಲೂ ಸೈಕಲ್ ಸವಾರರಿಗೆ ಬೇರೆ ಪಥ ಇದೆ. ಹಾಕಿಸಿದ್ದು ಅಲ್ಲಿನ ನಗರಪಾಲಿಕೆ. ಜನರನ್ನು ಕೇಳಿ, ಸಭೆಯಲ್ಲಿ ಮತಕ್ಕೆ ಹಾಕಿ ತೀರ್ಮಾನಿಸಿದ ಕೆಲಸ ಅದು. 2024ರ ನವೆಂಬರ್‌ನಲ್ಲಿ ಒಂಟಾರಿಯೋ ಪ್ರಾಂತ್ಯದ ವಿಧಾನಸಭೆ ಒಂದು ಕಾನೂನು ಪಾಸ್ ಮಾಡಿತು. ಈ ಮೂರು ರಸ್ತೆಗಳ ಪಥಗಳನ್ನು ತೆಗೆಯಬೇಕು ಅಂತ ಹೆಸರು ಹಿಡಿದೇ ಅದರಲ್ಲಿ ಬರೆಯಿತು. ಇನ್ನು ಮುಂದೆ ಪ್ರಾಂತ್ಯದ ಯಾವುದೇ ಊರು ಕಾರಿನ ಲೇನ್ ಕಡಿಮೆ ಮಾಡಿ ಸೈಕಲ್ ಪಥ ಹಾಕಬೇಕಾದರೆ ಸಾರಿಗೆ ಮಂತ್ರಿಯ ಒಪ್ಪಿಗೆ ಪಡೆಯಬೇಕು ಅಂತಲೂ ಸೇರಿಸಿತು.

ಒಂದು ಬೀದಿಯ ಅಂಚಿನ ಸ್ವಲ್ಪ ಜಾಗಕ್ಕೆ ಇಷ್ಟು ದೊಡ್ಡ ಸರ್ಕಾರ ಯಾಕೆ ಕೈ ಹಾಕಿತು? ಹಾಕುವ ಅಧಿಕಾರ ಅದಕ್ಕೆ ಇದೆಯಾ? ಇದ್ದರೆ ಅದಕ್ಕೆ ಮಿತಿ ಎಲ್ಲಿ? ಟೊರಾಂಟೋ, ಅದರ ಪಕ್ಕದ ಬ್ರಾಂಪ್ಟನ್, ಮಿಸ್ಸಿಸಾಗಾಗಳಲ್ಲಿ ಇರುವ ಕನ್ನಡಿಗರಿಗೆ ಇದು ದಿನನಿತ್ಯದ ವಿಷಯ. ಊರಿನಲ್ಲಿರುವ ನಮಗೂ ಇದರಲ್ಲಿ ತಿಳಿದುಕೊಳ್ಳುವುದು ಬೇಕಾದಷ್ಟಿದೆ.

ಮೊದಲು ಬ್ಲೋರ್ ಸ್ಟ್ರೀಟ್ ನೋಡೋಣ. ನಗರದ ಪೂರ್ವ ಪಶ್ಚಿಮಕ್ಕೆ ಹಾದುಹೋಗುವ ರಸ್ತೆ, ಅದರ ಕೆಳಗೇ ಸಬ್‌ವೇ ರೈಲು. ಎರಡೂ ಕಡೆ ಸಣ್ಣ ಅಂಗಡಿ, ಹೋಟೆಲ್, ಮೇಲೆ ಮನೆಗಳು. ಲೆಕ್ಕಕ್ಕೆ ನಾಲ್ಕು ಲೇನ್ ಇದ್ದರೂ, ದಿನದ ಬಹಳ ಹೊತ್ತು ಅಂಚಿನ ಲೇನ್‌ನಲ್ಲಿ ಕಾರುಗಳು ಪಾರ್ಕ್ ಆಗಿರುತ್ತಿದ್ದವು. 2016ರಲ್ಲಿ ಪಾಲಿಕೆ ಶಾ ಸ್ಟ್ರೀಟ್‌ನಿಂದ ಅವೆನ್ಯೂ ರೋಡ್‌ವರೆಗೆ ಪ್ರಯೋಗಕ್ಕೆ ಅಂತ ಸೈಕಲ್ ಪಥ ಹಾಕಿತು. ಸುಮ್ನೆ ಬಣ್ಣ ಬಳಿದು ಬಿಡಲಿಲ್ಲ. ಹಾಕುವ ಮೊದಲೂ, ಹಾಕಿದ ಮೇಲೂ ಸೈಕಲ್ ಎಷ್ಟು, ಕಾರು ಎಷ್ಟು, ಅಪಘಾತ ಎಷ್ಟು, ಅಂಗಡಿ ವ್ಯಾಪಾರ ಹೇಗಿದೆ ಅಂತ ಎಲ್ಲವನ್ನೂ ಅಳೆದರು. ಸೈಕಲ್ ಓಡಾಟ 49% ಜಾಸ್ತಿಯಾಯಿತು. ಕಾರಿನವರಿಗೆ ಸಂಜೆ ಹೊತ್ತು ಕೆಲವು ನಿಮಿಷ ತಡವಾಗುತ್ತಿತ್ತು, ಸಿಗ್ನಲ್ ಸರಿ ಹೊಂದಿಸಿದ ಮೇಲೆ ಅದೂ ಕಡಿಮೆಯಾಯಿತು. 2017ರ ನವೆಂಬರ್‌ನಲ್ಲಿ ಪಾಲಿಕೆ ಭಾರಿ ಬಹುಮತದಿಂದ ಅದನ್ನು ಕಾಯಂ ಮಾಡಿತು. ಮುಂದೆ ಪಥ ಪಶ್ಚಿಮಕ್ಕೆ ಬೆಳೆಯುತ್ತಾ ನಗರದ ಪಶ್ಚಿಮ ಭಾಗವಾದ ಎಟೋಬಿಕೋಕ್ ಕಡೆ ಹೋಯಿತು. ಯೂನಿವರ್ಸಿಟಿ ಮತ್ತು ಯಂಗ್ ರಸ್ತೆಗಳ ಪಥಗಳು ಕೋವಿಡ್ ಕಾಲದಲ್ಲಿ ತಾತ್ಕಾಲಿಕವಾಗಿ ಬಂದು ಆಮೇಲೆ ಕಾಯಂ ಆದವು.

ನನ್ನ ಮಟ್ಟಿಗೆ ಊರಿನ ಕೆಲಸ ಅಂದರೆ ಹೀಗೇ ನಡೆಯಬೇಕು. ಮಾಡಿ ನೋಡುವುದು, ಅಳೆಯುವುದು, ತಪ್ಪಿದ್ದರೆ ತಿದ್ದುವುದು. ಒಂದು ಸಿಗ್ನಲ್‌ನಲ್ಲಿ ಎಡಕ್ಕೆ ತಿರುಗುವ ಕಾರುಗಳು ಸಾಲುಗಟ್ಟಿದರೆ ಅದನ್ನು ಬಗೆಹರಿಸಬಲ್ಲವರು ಆ ಸಿಗ್ನಲ್ ನೋಡಿಕೊಳ್ಳುವ ಎಂಜಿನಿಯರ್‌ಗಳು. ಆಸ್ಪತ್ರೆ ಮುಂದೆ ರೋಗಿಯನ್ನು ಇಳಿಸಲು ಎಲ್ಲಿ ಜಾಗ ಬಿಡಬೇಕು ಅನ್ನೋದು ಆ ಬೀದಿಯಲ್ಲಿ ನಿಂತು ನೋಡಿದವರಿಗೆ ಗೊತ್ತಾಗುತ್ತದೆ. ಕಾನೂನಿನ ಒಂದು ಸಾಲಿನಲ್ಲಿ ಇಂಥ ಸೂಕ್ಷ್ಮ ಹಿಡಿಸುವುದಿಲ್ಲ.

ಹಾಗಾದರೆ ಪ್ರಾಂತ್ಯದ ವಾದ ಏನು? ಅದನ್ನೂ ನ್ಯಾಯವಾಗಿ ಕೇಳಬೇಕು. ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ) ಡಗ್ ಫೋರ್ಡ್ ಮತ್ತು ಸಾರಿಗೆ ಮಂತ್ರಿ ಪ್ರಬ್‌ಮೀತ್ ಸರ್ಕಾರಿಯಾ ಹೇಳಿದ್ದು ಇಷ್ಟು. ಇವು ಬರೀ ಟೊರಾಂಟೋದ ಬೀದಿಗಳಲ್ಲ, ಇಡೀ ಪ್ರದೇಶಕ್ಕೆ ಮುಖ್ಯ ರಸ್ತೆಗಳು. ಹೊರಗಿನಿಂದ ಕೆಲಸಕ್ಕೆ, ಆಸ್ಪತ್ರೆಗೆ ಬರುವವರು ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಸೈಕಲ್ ಪಥ ಬೇಕಾದರೆ ಒಳರಸ್ತೆಗಳಲ್ಲಿ ಹಾಕಿ. ಇದರಲ್ಲಿ ಒಂದು ನಿಜವಾದ ಪ್ರಶ್ನೆ ಇದೆ. ಬ್ರಾಂಪ್ಟನ್‌ನಿಂದ ದಿನಾ ಕಾರಿನಲ್ಲಿ ಬರುವವರು ಟೊರಾಂಟೋ ಪಾಲಿಕೆಗೆ ಮತ ಹಾಕುವುದಿಲ್ಲ. ಆ ರಸ್ತೆಯ ಬಗ್ಗೆ ಅವರ ಮಾತು ಕೇಳುವವರು ಯಾರು? ಪ್ರಾಂತ್ಯ ಸರ್ಕಾರವೇ ಅಲ್ವಾ? ಮೇಲಿನ ಸರ್ಕಾರ ಬೇಕು ಅನ್ನೋದಕ್ಕೆ ಇದಕ್ಕಿಂತ ಗಟ್ಟಿ ವಾದ ಇಲ್ಲ.

ಆದರೆ ಆ ವಾದಕ್ಕೆ ಕೊಟ್ಟ ಅಂಕಿಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಸೈಕಲ್‌ನಲ್ಲಿ ಕೆಲಸಕ್ಕೆ ಹೋಗುವವರು ಬರೀ 1.2% ಅಂತ ಸರ್ಕಾರ ಮತ್ತೆ ಮತ್ತೆ ಹೇಳಿತು. ಆ ಅಂಕಿ 2011ರದ್ದು. ಬ್ಲೋರ್‌ನಲ್ಲಿ ಪಥ ಬರುವುದಕ್ಕಿಂತ ಐದು ವರ್ಷ ಹಿಂದಿನದ್ದು. ಅದೂ ಟೊರಾಂಟೋ ನಗರದ ಲೆಕ್ಕ ಅಲ್ಲ. ಸುತ್ತಲಿನ ಊರುಗಳನ್ನೂ ಸೇರಿಸಿದ ಮಹಾನಗರ ಪ್ರದೇಶದ ಲೆಕ್ಕ. ಅಲ್ಲಿನ ಹೊರ ಊರುಗಳಲ್ಲಿ ಕಚೇರಿಗೆ ಮೂವತ್ತು, ನಲವತ್ತು ಕಿಲೋಮೀಟರ್ ಹೋಗಬೇಕಾದವರು ಸೈಕಲ್ ಹತ್ತುವುದಿಲ್ಲ. ಇನ್ನೊಂದು ವಿಷಯ, ಅದು ಕೆಲಸಕ್ಕೆ ಹೋಗುವವರ ಲೆಕ್ಕ ಮಾತ್ರ. ಕಾಲೇಜಿಗೆ, ಅಂಗಡಿಗೆ, ಗೆಳೆಯರ ಮನೆಗೆ ಹೋಗುವವರು ಅದರಲ್ಲಿ ಇಲ್ಲ. ನಗರದ ಬಾಡಿಗೆ ಸೈಕಲ್ ವ್ಯವಸ್ಥೆ ಒಂದರಲ್ಲೇ 2024ರಲ್ಲಿ ಸುಮಾರು 69 ಲಕ್ಷ ಸವಾರಿಗಳಾದವು. ಯಾವ ಗಡಿ ಎಳೆದು ಎಣಿಸುತ್ತೀರಿ ಅನ್ನೋದರ ಮೇಲೆ ಉತ್ತರ ಬದಲಾಗುತ್ತದೆ. ಪ್ರಾಂತ್ಯದ ನಕ್ಷೆಯಲ್ಲಿ ಸೈಕಲ್ ಸವಾರ ಕಾಣುವುದೇ ಇಲ್ಲ. ಬೀದಿಯ ನಕ್ಷೆಯಲ್ಲಿ ಎದ್ದು ಕಾಣುತ್ತಾನೆ.

ದುಡ್ಡಿನ ಲೆಕ್ಕವೂ ಹೀಗೇ. ಈ ಪಥಗಳನ್ನು ಹಾಕಲು ಆದ ಖರ್ಚು 2.7 ಕೋಟಿ ಡಾಲರ್ ಅಂತ ನಗರದ ಅಧಿಕಾರಿಗಳು ಹೇಳಿದರು. ತೆಗೆಯಲು 4.8 ಕೋಟಿ ಡಾಲರ್ ಬೇಕು ಅಂತ ಅವರ ಅಂದಾಜು. ತೆಗೆದರೂ ಕಾರಿನವರಿಗೆ ಉಳಿಯುವ ಸಮಯ ತೀರಾ ಕಡಿಮೆ ಅಂತಲೂ ವರದಿಯಲ್ಲಿ ಬರೆದರು. ಪ್ರಾಂತ್ಯ ಆ ಖರ್ಚಿನ ಅಂದಾಜನ್ನು ಒಪ್ಪಲಿಲ್ಲ.

ಈಗ ಅಧಿಕಾರದ ಪ್ರಶ್ನೆಗೆ ಬರೋಣ. ಕೆನಡಾದ 1867ರ ಸಂವಿಧಾನ ಕಾಯ್ದೆಯ 92ನೇ ಸೆಕ್ಷನ್ ಪ್ರಾಂತ್ಯಗಳ ಅಧಿಕಾರಗಳನ್ನು ಪಟ್ಟಿ ಮಾಡುತ್ತದೆ. ಅದರಲ್ಲಿ ಎಂಟನೆಯದು ಪುರಸಭೆ, ನಗರಸಭೆಗಳು. ಅಂದರೆ ನಗರಕ್ಕೆ ಸಂವಿಧಾನದಲ್ಲಿ ತನ್ನದೇ ಅಂತ ಜಾಗ ಇಲ್ಲ. ಬಾಡಿಗೆ ಮನೆಯಲ್ಲಿ ಇದ್ದ ಹಾಗೆ. ಗೋಡೆಗೆ ಬಣ್ಣ ಹಚ್ಚಬಹುದು, ಗಿಡ ನೆಡಬಹುದು, ಆದರೆ ಮಾಲೀಕ ಬಂದು ಗೋಡೆ ಒಡೆಯುತ್ತೇನೆ ಅಂದರೆ ತಡೆಯುವ ಹಕ್ಕು ಇಲ್ಲ. ಟೊರಾಂಟೋಗೆ ಇದರ ಅನುಭವ ಹಳೆಯದು. 1998ರಲ್ಲಿ ಪ್ರಾಂತ್ಯ ಆರು ಪುರಸಭೆಗಳನ್ನು ಒಟ್ಟುಗೂಡಿಸಿ ಈಗಿನ ದೊಡ್ಡ ಟೊರಾಂಟೋ ಮಾಡಿತು. ಜನ ಅದಕ್ಕೂ ಮೊದಲೇ ಮತ ಹಾಕಿ ಬೇಡ ಅಂದಿದ್ದರು. 2018ರಲ್ಲಿ ಪಾಲಿಕೆ ಚುನಾವಣೆ ಪ್ರಚಾರ ನಡೆಯುತ್ತಿರುವಾಗಲೇ ಫೋರ್ಡ್ ಸರ್ಕಾರ ವಾರ್ಡ್‌ಗಳನ್ನು 47ರಿಂದ 25ಕ್ಕೆ ಇಳಿಸಿತು. ನಗರ ಕೋರ್ಟಿಗೆ ಹೋಯಿತು. 2021ರ ಅಕ್ಟೋಬರ್‌ನಲ್ಲಿ ಕೆನಡಾದ ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ ಪ್ರಾಂತ್ಯದ ಪರ ತೀರ್ಪು ಕೊಟ್ಟಿತು. ನಡುವೆಯೇ ವಾರ್ಡ್ ಬದಲಿಸುವ ಅಧಿಕಾರ ಇದೆ ಅಂದಮೇಲೆ ಸೈಕಲ್ ಪಥ ಯಾವ ಲೆಕ್ಕ?

ಆದ್ದರಿಂದಲೇ ಮುಂದಿನ ತಿರುವು ಮುಖ್ಯ. ಬಿಲ್ 212 ಅಂತ ಕರೆಯುವ ಆ ಕಾನೂನಿನ ವಿರುದ್ಧ ಕೋರ್ಟಿಗೆ ಹೋದದ್ದು ನಗರ ಅಲ್ಲ, ಸೈಕಲ್ ಸವಾರರು. ಸೈಕಲ್ ಟೊರಾಂಟೋ ಅನ್ನುವ ಸಂಸ್ಥೆ, ಜೊತೆಗೆ ಇಬ್ಬರು ಸವಾರರು. ಒಬ್ಬರು ವಿಶ್ವವಿದ್ಯಾಲಯದ ವಿದ್ಯಾರ್ಥಿ, ಇನ್ನೊಬ್ಬರು ಸೈಕಲ್‌ನಲ್ಲೇ ಡೆಲಿವರಿ ಮಾಡಿ ಜೀವನ ನಡೆಸುವವರು. ನಗರದ ಅಧಿಕಾರ ಕಿತ್ತುಕೊಂಡರು ಅಂತ ಅವರು ವಾದಿಸಲಿಲ್ಲ. ಆ ಬಾಗಿಲು 2021ರಲ್ಲೇ ಮುಚ್ಚಿತ್ತು. ಅವರು ಹಿಡಿದದ್ದು ಕೆನಡಾ ಸಂವಿಧಾನದ ಭಾಗವಾದ ಹಕ್ಕುಗಳ ಸನ್ನದಿನ 7ನೇ ಸೆಕ್ಷನ್. ಪ್ರತಿ ವ್ಯಕ್ತಿಯ ಜೀವ, ಸ್ವಾತಂತ್ರ್ಯ, ದೇಹದ ಸುರಕ್ಷತೆಗೆ ರಕ್ಷಣೆ ಕೊಡುವ ಸೆಕ್ಷನ್ ಅದು. ನಮ್ಮ ಸಂವಿಧಾನದ 21ನೇ ವಿಧಿಗೆ ಹತ್ತಿರದ್ದು.

2025ರ ಏಪ್ರಿಲ್‌ನಲ್ಲಿ ನ್ಯಾಯಮೂರ್ತಿ ಪಾಲ್ ಶಾಬಾಸ್ ತೀರ್ಪು ಬರುವವರೆಗೆ ಪಥ ಕೀಳಬಾರದು ಅಂತ ತಡೆ ಕೊಟ್ಟರು. ಜುಲೈ 30ರಂದು ಅಂತಿಮ ತೀರ್ಪು ಬಂತು. ಈ ಪಥಗಳನ್ನು ತೆಗೆಸುವ ಸೆಕ್ಷನ್ ಸಂವಿಧಾನಬಾಹಿರ ಅಂದರು. ಇಲ್ಲಿ ತುಂಬಾ ಜನ ತಪ್ಪು ತಿಳಿಯುವ ಒಂದು ಅಂಶ ಇದೆ. ಸೈಕಲ್ ಪಥ ಪಡೆಯುವುದು ಜನರ ಹಕ್ಕು ಅಂತ ಕೋರ್ಟ್ ಹೇಳಲಿಲ್ಲ. ಯಾವ ಸರ್ಕಾರವೂ ಪಥ ಹಾಕಲೇಬೇಕು ಅಂತಲೂ ಹೇಳಲಿಲ್ಲ. ಆದರೆ ಇರುವ ರಕ್ಷಣೆಯನ್ನು ಸರ್ಕಾರವೇ ಮುಂದೆ ನಿಂತು ತೆಗೆದರೆ, ಅದರಿಂದ ಜನ ಗಾಯಗೊಳ್ಳುವ, ಸಾಯುವ ಅಪಾಯ ಹೆಚ್ಚಾಗುತ್ತದೆ ಅಂತ ಗೊತ್ತಿದ್ದರೆ, ಅದಕ್ಕೆ ತಕ್ಕ ಕಾರಣ ಬೇಕು. ಸರ್ಕಾರ ಕೊಟ್ಟ ಕಾರಣ ಟ್ರಾಫಿಕ್ ಕಡಿಮೆ ಮಾಡುವುದು. ಪಥ ತೆಗೆದರೆ ಟ್ರಾಫಿಕ್ ಕಡಿಮೆಯಾಗುತ್ತದೆ ಅನ್ನೋದಕ್ಕೆ ಪುರಾವೆಯೇ ಇರಲಿಲ್ಲ. ಅಪಘಾತ ಹೆಚ್ಚಾಗಬಹುದು ಅಂತ ಸರ್ಕಾರ ತಾನೇ ಕೇಳಿ ಪಡೆದ ತಜ್ಞರ ಸಲಹೆಯಲ್ಲೂ ಇತ್ತು. ಸಾಧಿಸುವ ಗುರಿಗೂ ಹಿಡಿದ ದಾರಿಗೂ ಸಂಬಂಧವೇ ಇಲ್ಲದ ಮೇಲೆ ಅದು ಮನಬಂದಂತೆ ಮಾಡಿದ ಕ್ರಮ ಅಂತ ಕೋರ್ಟ್ ತೀರ್ಮಾನಿಸಿತು.

ಟ್ರಾಫಿಕ್ ಯಾಕೆ ಕಡಿಮೆಯಾಗುವುದಿಲ್ಲ ಅನ್ನೋದು ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಲೇನ್ ಸೇರಿಸಿದಷ್ಟೂ ಕಾರು ಸೇರುತ್ತವೆ. ನಗರದ ರಸ್ತೆಯಲ್ಲಿ ವಾಹನ ನಿಲ್ಲುವುದು ಸಾಮಾನ್ಯವಾಗಿ ಸಿಗ್ನಲ್‌ನಲ್ಲಿ, ತಿರುವಿನಲ್ಲಿ, ಅಂಚಿನಲ್ಲಿ ನಿಂತ ಡೆಲಿವರಿ ಟ್ರಕ್‌ನ ಹಿಂದೆ. ಎರಡು ಸಿಗ್ನಲ್ ನಡುವೆ ಒಂದು ಲೇನ್ ಜಾಸ್ತಿ ಮಾಡಿದರೆ ಕಾಯುವ ಜಾಗ ಅಗಲವಾಗುತ್ತದೆ, ಕಾಯುವ ಹೊತ್ತು ಹಾಗೇ ಉಳಿಯುತ್ತದೆ.

ಅಪಾಯದ ಮಾತು ಬರೀ ಕಾಗದದ್ದಲ್ಲ. 2024ರ ಜುಲೈನಲ್ಲಿ ಬ್ಲೋರ್ ಸ್ಟ್ರೀಟ್‌ನಲ್ಲಿ ಅವೆನ್ಯೂ ರೋಡ್ ಹತ್ತಿರ ಸೈಕಲ್ ಪಥದ ಮೇಲೇ ಕಟ್ಟಡದ ಅವಶೇಷ ತುಂಬುವ ದೊಡ್ಡ ಕಬ್ಬಿಣದ ತೊಟ್ಟಿ ಇಟ್ಟಿದ್ದರು. ಅದನ್ನು ಸುತ್ತಿ ಹೋಗಲು 24 ವರ್ಷದ ಯುವತಿಯೊಬ್ಬರು ಕಾರಿನ ಲೇನ್‌ಗೆ ಇಳಿಯಬೇಕಾಯಿತು. ಟ್ರಕ್ ಡಿಕ್ಕಿ ಹೊಡೆದು ಅವರು ತೀರಿಕೊಂಡರು. ಪಥ ಇದ್ದ ರಸ್ತೆಯಲ್ಲೇ ಕೆಲವು ಮೀಟರ್ ಪಥ ತಪ್ಪಿದ್ದಕ್ಕೆ ಆದ ಸಾವು ಅದು. ಕಿಲೋಮೀಟರ್‌ಗಟ್ಟಲೆ ತೆಗೆದರೆ ಏನಾಗಬಹುದು ಅಂತ ಊಹಿಸಲು ಇದೊಂದು ಸಾಕು. ಇಷ್ಟಾದ ಮೇಲೂ, ಪಥ ತೆಗೆದದ್ದರಿಂದ ಯಾರಿಗಾದರೂ ಗಾಯವಾದರೆ, ಸಾವಾದರೆ ಪರಿಹಾರಕ್ಕೆ ದಾವೆ ಹೂಡುವಂತಿಲ್ಲ ಅಂತ ಬಿಲ್‌ಗೆ ಒಂದು ತಿದ್ದುಪಡಿ ಸೇರಿಸಿದರು. ಇಡೀ ಕಾನೂನಿನಲ್ಲಿ ನನಗೆ ಅತಿ ಹೆಚ್ಚು ನೋವು ಕೊಟ್ಟ ಭಾಗ ಇದೇ. ತೀರ್ಮಾನ ತಮ್ಮದು, ಹೊಣೆ ಯಾರದ್ದೂ ಅಲ್ಲ ಅನ್ನೋದು ಯಾವ ಮಟ್ಟದ ಸರ್ಕಾರಕ್ಕೂ ಸಲ್ಲದು.

ಹಾಗಂತ ಸ್ಥಳೀಯ ಸರ್ಕಾರ ಯಾವಾಗಲೂ ಸರಿ, ಮೇಲಿನದು ಯಾವಾಗಲೂ ತಪ್ಪು ಅಂತ ಹೇಳುತ್ತಿಲ್ಲ. ಇದೇ ಟೊರಾಂಟೋ ನಗರ 2010ರಲ್ಲಿ ಜಾರ್ವಿಸ್ ಸ್ಟ್ರೀಟ್‌ನಲ್ಲಿ ಪಥ ಹಾಕಿ, 2012ರಲ್ಲಿ ತಾನೇ ಕಿತ್ತಿತು. ಆಗ ಮೇಯರ್ ಆಗಿದ್ದವರು ಡಗ್ ಫೋರ್ಡ್ ಅವರ ತಮ್ಮ ರಾಬ್ ಫೋರ್ಡ್. ಡಗ್ ಫೋರ್ಡ್ ಆಗ ಅದೇ ಪಾಲಿಕೆಯ ಸದಸ್ಯ. ಲಂಡನ್‌ನಲ್ಲಂತೂ ಕಥೆ ಪೂರ್ತಿ ತಿರುಗಾಮುರುಗಾ. ಅಲ್ಲಿ ಹೆಚ್ಚಿನ ರಸ್ತೆಗಳು 'ಬರೋ' ಅನ್ನುವ ನಗರದೊಳಗಿನ ಆಡಳಿತ ವಿಭಾಗಗಳ ಕೌನ್ಸಿಲ್‌ಗಳ ಕೈಯಲ್ಲಿವೆ, ಮಹಾನಗರದ ಸಾರಿಗೆ ಸಂಸ್ಥೆಯ ಕೈಯಲ್ಲಿರುವುದು ಸುಮಾರು 5% ಮಾತ್ರ. 2020ರಲ್ಲಿ ಕೆನ್ಸಿಂಗ್ಟನ್ ಹೈ ಸ್ಟ್ರೀಟ್‌ನಲ್ಲಿ ಹಾಕಿದ ತಾತ್ಕಾಲಿಕ ಪಥವನ್ನು ಅಲ್ಲಿನ ಬರೋ ಕೌನ್ಸಿಲ್ ಸುಮಾರು ಏಳು ವಾರದಲ್ಲೇ ತೆಗೆದುಹಾಕಿತು. ನಗರ ದಾಟಿ ಹೋಗುವ ಸವಾರನಿಗೆ ದಾರಿ ಮಧ್ಯದಲ್ಲಿ ತುಂಡಾಯಿತು. ಸ್ಥಳೀಯ ಅಂದರೆ ಎಷ್ಟು ಸ್ಥಳೀಯ ಅನ್ನೋದೂ ಸುಲಭದ ಪ್ರಶ್ನೆ ಅಲ್ಲ. ಎಟೋಬಿಕೋಕ್‌ನಲ್ಲಿ ಬ್ಲೋರ್ ಪಥ ಬೇಡ ಅಂದ ನಿವಾಸಿಗಳು, ಅಂಗಡಿಯವರು ಬೇಕಾದಷ್ಟು ಜನ ಇದ್ದರು. ಅವರ ಪಾಲಿಗೆ ನಗರಪಾಲಿಕೆಯೇ ಮೇಲಿನ ಸರ್ಕಾರ.

ಮೇಲಿನ ಸರ್ಕಾರ ಒಳ್ಳೆಯದು ಮಾಡಿದ ಉದಾಹರಣೆಯೂ ಇದೆ. ಫ್ರಾನ್ಸ್ 1996ರ ಡಿಸೆಂಬರ್‌ನಲ್ಲಿ ಗಾಳಿಯ ಶುದ್ಧತೆಗೆ ಸಂಬಂಧಿಸಿದ ಒಂದು ಕಾನೂನು ಮಾಡಿತು. ನಗರದ ರಸ್ತೆಯನ್ನು ಹೊಸದಾಗಿ ಮಾಡುವಾಗ ಅಥವಾ ನವೀಕರಿಸುವಾಗ ಸೈಕಲ್‌ಗೆ ವ್ಯವಸ್ಥೆ ಇರಲೇಬೇಕು ಅಂತ ಅದರಲ್ಲಿ ಬರೆದಿದೆ, ಎಕ್ಸ್‌ಪ್ರೆಸ್ ರಸ್ತೆಗಳನ್ನು ಬಿಟ್ಟು. ಪಥ ಹೇಗಿರಬೇಕು ಅನ್ನೋದನ್ನು ಊರು ನೋಡಿಕೊಳ್ಳಬೇಕು. ಮರೆತ ಊರುಗಳನ್ನು ಸೈಕಲ್ ಸಂಘಗಳು ಕೋರ್ಟಿಗೆ ಎಳೆಯಬಹುದು, ಎಳೆದಿವೆ. ಪ್ಯಾರಿಸ್ ಮತ್ತು ಟೊರಾಂಟೋ ಎರಡೂ ಕಡೆ ಮೇಲಿನಿಂದ ಕಾನೂನು ಬಂತು. ಅಲ್ಲಿ ಇದಕ್ಕಿಂತ ಕಡಿಮೆ ಮಾಡಬೇಡಿ ಅಂದಿತು, ಇಲ್ಲಿ ಇದಕ್ಕಿಂತ ಜಾಸ್ತಿ ಮಾಡಬೇಡಿ ಅಂದಿತು. ನಾನು ಒಪ್ಪುವುದು ಮೊದಲನೆಯದನ್ನು. ಜೀವದ ಸುರಕ್ಷತೆಯಲ್ಲಿ ಮೇಲಿನ ಸರ್ಕಾರ ಕನಿಷ್ಠ ಮಟ್ಟ ನಿಗದಿ ಮಾಡಲಿ, ಊರಿನಿಂದ ಊರಿಗೆ ದಾರಿ ಕೂಡಿಸಲಿ, ದುಡ್ಡು ಕೊಡಲಿ. ಯಾವ ಬೀದಿಯ ಯಾವ ಅಂಚು ಅನ್ನೋದನ್ನು ಪಾಲಿಕೆಗೆ ಬಿಡಲಿ.

ಕರ್ನಾಟಕದಲ್ಲಿ ನಾವು ಎಲ್ಲಿದ್ದೇವೆ? ಭಾರತದ ಸಂವಿಧಾನದಲ್ಲೂ ಸ್ಥಳೀಯ ಸಂಸ್ಥೆಗಳು ರಾಜ್ಯಪಟ್ಟಿಯ ವಿಷಯ. 1992ರ 74ನೇ ತಿದ್ದುಪಡಿ ನಗರಗಳಿಗೆ ಸಂವಿಧಾನದಲ್ಲಿ ಜಾಗ ಕೊಟ್ಟಿತು, ಕೆನಡಾದಲ್ಲಿ ಅಷ್ಟೂ ಇಲ್ಲ. 12ನೇ ಅನುಸೂಚಿಯ 18 ವಿಷಯಗಳಲ್ಲಿ ರಸ್ತೆ ಮತ್ತು ಸೇತುವೆ ಕೂಡ ಇದೆ. ಆದರೆ ಆ ಅಧಿಕಾರವನ್ನು ರಾಜ್ಯ ಕೊಡಬಹುದು ಅಂತಿದೆಯೇ ಹೊರತು ಕೊಡಲೇಬೇಕು ಅಂತ ಇಲ್ಲ. ಬೆಂಗಳೂರಿನ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿಯಿತು. ಆಮೇಲೆ ಆಡಳಿತಾಧಿಕಾರಿ ಬಂದರು. 2025ರಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ಪಾಲಿಕೆಗಳು ಬಂದವು.

2020ರಲ್ಲೇ ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದ ಕಡೆಗೆ ಸೈಕಲ್ ಪಥ ಬಂದದ್ದು ಓಡಾಡಿದವರಿಗೆ ನೆನಪಿರಬಹುದು. ಮುಂದೆ ನಿಂತು ಮಾಡಿಸಿದ್ದು ರಾಜ್ಯದ ನಗರ ಭೂಸಾರಿಗೆ ನಿರ್ದೇಶನಾಲಯ. ಇಲ್ಲಿ ಸೈಕಲ್ ಪರ ಇದ್ದದ್ದು ಮೇಲಿನ ಸರ್ಕಾರದ ಇಲಾಖೆಯೇ. ಆಮೇಲೆ ಅದೇ ರಸ್ತೆಗೆ ಮೆಟ್ರೋ ಕಾಮಗಾರಿ ಬಂತು, ಪಥ ಬಹುಪಾಲು ಮಾಯವಾಯಿತು. ಹೋದಾಗ ಒಬ್ಬ ಕಾರ್ಪೊರೇಟರ್ ಎದ್ದು ಕೇಳಲಿಲ್ಲ, ಕೇಳಲು ಕಾರ್ಪೊರೇಟರ್‌ಗಳೇ ಇರಲಿಲ್ಲ. ಟೊರಾಂಟೋದಲ್ಲಿ ಪಥ ಉಳಿಸಲು ಜನ ಬೀದಿಗಿಳಿದರು, ಪಾಲಿಕೆ ವಿರೋಧ ದಾಖಲಿಸಿತು, ಕೋರ್ಟ್ ತಡೆಯಿತು. ಆ ಪಥಕ್ಕೆ ಬೇರು ಇತ್ತು, ವರ್ಷಗಟ್ಟಲೆ ನಡೆದ ಸಭೆಗಳಿಂದ ಬಂದ ಬೇರು. ಮೇಲಿನಿಂದ ಬಂದ ಒಳ್ಳೆಯ ಕೆಲಸ ಕೂಡ ಬೇರಿಲ್ಲದಿದ್ದರೆ ನಿಲ್ಲುವುದು ಕಷ್ಟ. ಕೋರ್ಟಿನ ದಾರಿ ನಮಗೂ ಇದೆ. ಪಾದಚಾರಿಗಳಿಗೆ ಸರಿಯಾದ ಫುಟ್‌ಪಾತ್ ಸಿಗುವುದು 21ನೇ ವಿಧಿಯ ಭಾಗ ಅಂತ ನಮ್ಮ ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ಶಾಬಾಸ್ ಅವರ ತೀರ್ಪಿಗಿಂತ ಇದು ಒಂದು ಹೆಜ್ಜೆ ಮುಂದೆಯೇ ಹೋಗಿದೆ.

ಒಂಟಾರಿಯೋದಲ್ಲಿ ಜಗಳ ಅಲ್ಲಿಗೇ ನಿಲ್ಲಲಿಲ್ಲ. ತೀರ್ಪಿನ ವಿರುದ್ಧ ಪ್ರಾಂತ್ಯ ಮೇಲ್ಮನವಿಗೆ ಹೋಯಿತು. 2025ರ ನವೆಂಬರ್‌ನಲ್ಲಿ ಬಿಲ್ 60 ಅನ್ನುವ ಇನ್ನೊಂದು ಕಾನೂನು ಪಾಸ್ ಮಾಡಿತು. ಹೊಸ ಸೈಕಲ್ ಪಥಕ್ಕಾಗಿ ಊರುಗಳು ಕಾರಿನ ಲೇನ್ ಕಡಿಮೆ ಮಾಡುವಂತೆಯೇ ಇಲ್ಲ ಅನ್ನೋದು ಅದರ ಒಂದು ಭಾಗ. ಮಂತ್ರಿಯ ಒಪ್ಪಿಗೆ ಕೇಳುವ ಮಾತೂ ಹೋಯಿತು. ಶಾಬಾಸ್ ತೀರ್ಪಿನ ರಕ್ಷಣೆ ಇರುವುದು ಈಗಾಗಲೇ ಇರುವ ಪಥಕ್ಕೆ. ಇನ್ನೂ ಹುಟ್ಟದ ಪಥಕ್ಕೆ ಅದು ನೆರವಾಗುವುದು ಕಷ್ಟ. ಪ್ರಾಂತ್ಯದ ಕೈಯಲ್ಲಿ ಇನ್ನೊಂದು ಅಸ್ತ್ರವೂ ಇದೆ. ಸನ್ನದಿನ 33ನೇ ಸೆಕ್ಷನ್ ಬಳಸಿ, 7ನೇ ಸೆಕ್ಷನ್ ಏನೇ ಹೇಳಲಿ ಈ ಕಾನೂನು ನಡೆಯುತ್ತದೆ ಅಂತ ಐದು ವರ್ಷದ ಮಟ್ಟಿಗೆ ಘೋಷಿಸಬಹುದು. ಫೋರ್ಡ್ ಸರ್ಕಾರ 2021ರಲ್ಲಿ ಚುನಾವಣಾ ಜಾಹೀರಾತಿನ ಕಾನೂನಿಗೆ ಇದನ್ನು ಬಳಸಿದೆ.

ಒಂಟಾರಿಯೋದ ಪಾಲಿಕೆ ಚುನಾವಣೆಗೆ ನಿಗದಿಯಾದ ದಿನ 2026ರ ಅಕ್ಟೋಬರ್ 26. ಅಲ್ಲಿ ಮತ ಇರುವ ಕನ್ನಡಿಗರು ಅಭ್ಯರ್ಥಿಗಳನ್ನು ಕೇಳುವಾಗ ಪ್ರಶ್ನೆಯನ್ನು ಸ್ವಲ್ಪ ಬದಲಿಸಿ ಕೇಳಬೇಕು. ಸೈಕಲ್ ಪಥ ಹಾಕುತ್ತೀರಾ ಅಂದರೆ ಹೂಂ ಅನ್ನುವುದು ಸುಲಭ. ಕಾರಿನ ಲೇನ್ ಮುಟ್ಟುವಂತಿಲ್ಲ ಅನ್ನುವ ಕಾನೂನು ಇರುವಾಗ ಯಾವ ರಸ್ತೆಯಲ್ಲಿ, ಯಾವ ಜಾಗದಲ್ಲಿ, ಯಾವ ದುಡ್ಡಿನಿಂದ ಹಾಕುತ್ತೀರಿ ಅಂತ ಕೇಳಬೇಕು.